ಅರ್ಥಶಾಸ್ತ್ರದ ಮೇಷ್ಟ್ರು ಸಾರ್ವಜನಿಕ ಬದುಕಿಗೆ ಇಳಿದರೆ: ವಿ.ಕೆ.ಆರ್.ವಿ. ರಾವ್ ಅವರ ದಾರಿ

ಪ್ರಶ್ನೆ: ಬಳ್ಳಾರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪತ್ರಿಕೆಗಳಿಗೆ ಬರೆಯುವುದು, ಸಭೆಗಳಲ್ಲಿ ಜಿಲ್ಲೆಯ ಸಮಸ್ಯೆಗಳ ಬಗ್ಗೆ ಮಾತನಾಡುವುದು ನನಗೆ ಇಷ್ಟ. ‘ಅದೆಲ್ಲ ಶುರುವಾದರೆ ಓದು ನಿಲ್ಲುತ್ತದೆ’ ಎಂದು ಹಿರಿಯ ಸಹೋದ್ಯೋಗಿಗಳು ಎಚ್ಚರಿಸುತ್ತಾರೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಆಯ್ಕೆಯಾಗಿದ್ದರು ಎಂದು ಈಚೆಗೆ ತಿಳಿಯಿತು. ಅವರು ಎರಡನ್ನೂ ಹೇಗೆ ನಿಭಾಯಿಸಿದರು? ನನ್ನಂಥವರಿಗೆ ಅದರಿಂದ ಕಲಿಯುವುದು ಇದೆಯೇ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ರಾವ್ ಅವರ ಹೆಸರು ನೀವೇ ತೆಗೆದಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. ಅವರನ್ನು ಇಂದು ಹೆಚ್ಚಿನವರು ಮಾಜಿ ಕೇಂದ್ರ ಸಚಿವ ಎಂದೋ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸ್ಥಾಪಕ ಎಂದೋ ಒಂದು ಸಾಲಿನಲ್ಲಿ ನೆನೆದು ಮುಗಿಸುತ್ತಾರೆ. ಆ ಒಂದು ಸಾಲಿನಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ರಾವ್ ಅವರ ಸಾರ್ವಜನಿಕ ಬದುಕು 1967ರ ಚುನಾವಣೆಯಿಂದ ಆರಂಭವಾದದ್ದಲ್ಲ. ಅದಕ್ಕೂ ಮೂವತ್ತು ವರ್ಷ ಮೊದಲು, ಕೇಂಬ್ರಿಜ್‌ನಲ್ಲಿ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯದಲ್ಲೇ ಅದರ ಬೇರು ಇತ್ತು.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ 1908ರ ಜುಲೈ 8ರಂದು ಕಾಂಚೀಪುರದಲ್ಲಿ ಹುಟ್ಟಿದರು. ಬೊಂಬಾಯಿಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಹೊಸ ಅರ್ಥಶಾಸ್ತ್ರವನ್ನು ಕಟ್ಟುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಅಲ್ಲಿದ್ದ ಒಬ್ಬ ಪ್ರತಿಭಾವಂತ ವಿದ್ಯಾರ್ಥಿ ಸಿದ್ಧಾಂತದ ಚರ್ಚೆಯಲ್ಲೇ ಮುಳುಗಿಬಿಡುವುದು ಸಹಜವಾಗಿತ್ತು. ರಾವ್ ಕೈಹಾಕಿದ್ದು ಬೇರೆ ಕೆಲಸಕ್ಕೆ: ಬ್ರಿಟಿಷ್ ಇಂಡಿಯಾದ ವರಮಾನ ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ.

ಇದು ಬರೀ ಅಂಕಿಸಂಖ್ಯೆಯ ಕೆಲಸವಾಗಿರಲಿಲ್ಲ. ಭಾರತೀಯನೊಬ್ಬನ ಸರಾಸರಿ ವರಮಾನ ವರ್ಷಕ್ಕೆ 20 ರೂಪಾಯಿ ಎಂದು ದಾದಾಭಾಯಿ ನವರೋಜಿ 1860ರ ದಶಕದ ಅಂಕಿಗಳಿಂದ ತೋರಿಸಿದ ದಿನದಿಂದಲೂ ತಲಾ ವರಮಾನ ಎಂಬುದು ರಾಜಕೀಯದ ಜಗಳವೇ ಆಗಿತ್ತು. ಆಡಳಿತದ ಪರ ಇದ್ದವರು ಒಂದು ಅಂಕಿ ಕೊಡುತ್ತಿದ್ದರು, ರಾಷ್ಟ್ರೀಯವಾದಿಗಳು ಇನ್ನೊಂದು. ಎರಡೂ ಕಡೆ ಊಹೆಯ ಪಾಲು ದೊಡ್ಡದು. ರಾವ್ ಮೊದಲು 1925–29ರ ಅವಧಿಗೆ ಒಂದು ಅಂದಾಜು ಮಾಡಿದರು, ಬಳಿಕ 1931–32ಕ್ಕೆ ಇನ್ನೂ ವಿವರವಾದುದನ್ನು. ಎರಡನೆಯದು 1940ರಲ್ಲಿ ಪುಸ್ತಕವಾಗಿ ಬಂತು. ಕೃಷಿ, ಪಶುಸಂಪತ್ತು, ಗಣಿ, ಕೈಗಾರಿಕೆಗಳಲ್ಲಿ ಉತ್ಪಾದನೆಯ ಬೆಲೆಯನ್ನು ಕೂಡಿಸಿದರು. ವ್ಯಾಪಾರ, ಸಾರಿಗೆ, ಸರ್ಕಾರಿ ನೌಕರಿ, ವೃತ್ತಿಗಳಲ್ಲಿ ಜನರ ಗಳಿಕೆಯನ್ನು ಕೂಡಿಸಿದರು. ಒಂದೇ ವಿಧಾನದಿಂದ ಇಡೀ ದೇಶವನ್ನು ಅಳೆಯುವಷ್ಟು ಮಾಹಿತಿ ಇಲ್ಲದ್ದರಿಂದ, ಯಾವ ಕ್ಷೇತ್ರಕ್ಕೆ ಯಾವ ದಾಖಲೆ ಸಿಗುತ್ತದೋ ಆ ವಿಧಾನ. 1931–32ಕ್ಕೆ ಅವರು ಕಂಡುಕೊಂಡ ತಲಾ ವರಮಾನ ಸುಮಾರು 62 ರೂಪಾಯಿ.

ಈ ಅಂಕಿಗಿಂತ ಅದರ ಹಿಂದಿನ ಶ್ರಮವನ್ನು ನೀವು ಗಮನಿಸಬೇಕು. ಹಳ್ಳಿಯಲ್ಲಿ ಬೆಳೆದ ಜೋಳದಲ್ಲಿ ಮನೆಗೆ ಉಳಿಯುವುದು ಎಷ್ಟು, ಪೇಟೆಗೆ ಹೋಗುವುದು ಎಷ್ಟು? ಮನೆಯ ಎಮ್ಮೆಯ ಹಾಲಿಗೆ ಬೆಲೆ ಕಟ್ಟುವುದು ಹೇಗೆ? ಕೂಲಿಯನ್ನು ಕಾಳಿನಲ್ಲಿ ಕೊಟ್ಟರೆ ಅದು ವರಮಾನವೇ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕದೆ ರಾಷ್ಟ್ರೀಯ ವರಮಾನದ ಒಂದು ಪುಟವನ್ನೂ ಬರೆಯಲಾಗುತ್ತಿರಲಿಲ್ಲ. ದೇಶದ ಬಡತನದ ಬಗ್ಗೆ ಮಾತನಾಡುವ ಮೊದಲು ಅದನ್ನು ಅಳೆಯುವ ಹೊಣೆ ತನ್ನದು ಎಂದುಕೊಂಡ ಯುವಕ ಅವರು. ಮುಂದೆ ಅವರು ಹಿಡಿದ ಪ್ರತಿಯೊಂದು ಹುದ್ದೆಯನ್ನೂ ಈ ಒಂದು ಗುಣದಿಂದಲೇ ಅರ್ಥಮಾಡಿಕೊಳ್ಳಬಹುದು ಎಂಬುದು ನನ್ನ ಗಟ್ಟಿ ನಂಬಿಕೆ.

ಅಹಮದಾಬಾದಿನ ಕಾಲೇಜೊಂದರಲ್ಲಿ ಪ್ರಾಂಶುಪಾಲರಾಗಿದ್ದು, 1942ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಮರುವರ್ಷ ಬಂಗಾಳದಲ್ಲಿ ಕ್ಷಾಮ. 1944ರಲ್ಲಿ ಅವರನ್ನು ಸರ್ಕಾರ ಆಹಾರ ಇಲಾಖೆಯ ಅಂಕಿಅಂಶ ವಿಭಾಗಕ್ಕೆ ಕರೆದುಕೊಂಡಿತು. ಎಲ್ಲಿ ಎಷ್ಟು ಧಾನ್ಯ ಇದೆ ಎಂಬುದೇ ಸರಿಯಾಗಿ ಗೊತ್ತಿಲ್ಲದ ಆಡಳಿತ ಪಡಿತರ ನಡೆಸಲು ಹೊರಟಿದ್ದ ಸಮಯದಲ್ಲಿ ಅಂಕಿಯ ಮನುಷ್ಯ ಬೇಕಾಗಿದ್ದ. ಸ್ವಾತಂತ್ರ್ಯದ ನಂತರ, 1949ರಲ್ಲಿ, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅಧ್ಯಕ್ಷತೆಯ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳ್ ಜೊತೆಗೆ ರಾವ್ ಸದಸ್ಯರಾದರು. ವಿದ್ಯಾರ್ಥಿಯಾಗಿ ಒಬ್ಬಂಟಿಯಾಗಿ ಮಾಡಿದ ಕೆಲಸವನ್ನು ಈಗ ಒಂದು ಸ್ವತಂತ್ರ ದೇಶ ಪ್ರತಿವರ್ಷ ಮಾಡುವಂತೆ ವ್ಯವಸ್ಥೆ ಕಟ್ಟುವುದು ಆ ಸಮಿತಿಯ ಹೊಣೆ. ಇರುವ ದಾಖಲೆಗಳು ಸಾಲವು ಎಂಬ ಅರಿವಿನಿಂದ 1950ರಲ್ಲಿ, ಆಯ್ದ ಮನೆಗಳಿಂದ ಮಾಹಿತಿ ಸಂಗ್ರಹಿಸುವ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ನೀವು ಇಂದು ತರಗತಿಯಲ್ಲಿ ಬಡತನ, ನಿರುದ್ಯೋಗದ ಅಂಕಿ ಬರೆಯುವಾಗಲೆಲ್ಲ ಆ ಸಮೀಕ್ಷೆಯ ಋಣ ನಿಮ್ಮ ಮೇಲಿರುತ್ತದೆ.

ಅದೇ ವರ್ಷಗಳಲ್ಲಿ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರೂ ಆಗಿದ್ದರು. ವಿಶ್ವಬ್ಯಾಂಕ್ ಆಗ ಮಾರುಕಟ್ಟೆಗೆ ಹತ್ತಿರದ ಬಡ್ಡಿಗೆ, ಹಣ ಮರಳುವ ಭರವಸೆ ಇರುವ ಯೋಜನೆಗಳಿಗೆ ಮಾತ್ರ ಸಾಲ ಕೊಡುತ್ತಿತ್ತು. ಬಡದೇಶಗಳಿಗೆ ಬೇಕಾದದ್ದು ನಿಧಾನವಾಗಿ ಫಲ ಕೊಡುವ ಕೆಲಸಗಳಿಗೆ ದೀರ್ಘಾವಧಿಯ, ಅತಿ ಕಡಿಮೆ ಬಡ್ಡಿಯ ಹಣ. ಅದಕ್ಕೆಂದೇ ವಿಶ್ವಸಂಸ್ಥೆಯಲ್ಲಿ ಒಂದು ಪ್ರತ್ಯೇಕ ಸಂಸ್ಥೆ ಬೇಕು ಎಂದು 1949ರಲ್ಲಿ ರಾವ್ ಪ್ರಸ್ತಾಪ ಮಂಡಿಸಿದರು. ಶ್ರೀಮಂತ ದೇಶಗಳು ಒಪ್ಪಲಿಲ್ಲ. ವಾದ ಹತ್ತು ವರ್ಷ ನಡೆಯಿತು. ಕೊನೆಗೆ 1960ರಲ್ಲಿ ವಿಶ್ವಬ್ಯಾಂಕಿನ ಅಡಿಯಲ್ಲೇ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಿತು. ರಾವ್ ಕೇಳಿದ ರೂಪದಲ್ಲಿ ಅಲ್ಲ, ಹಣ ಕೊಡುವವರಿಗೆ ಹೆಚ್ಚು ಮತ ಇರುವ ರೂಪದಲ್ಲಿ. ಆದರೂ ಕಡಿಮೆ ಬಡ್ಡಿಯ ದೀರ್ಘ ಸಾಲ ಎಂಬ ವಿಚಾರ ಉಳಿಯಿತು. ಅದರ ದೊಡ್ಡ ಫಲಾನುಭವಿಗಳಲ್ಲಿ ಭಾರತವೂ ಒಂದಾಗಿತ್ತು.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ನೀವು ಗುಣಕದ ಪಾಠ ಮಾಡುತ್ತೀರಲ್ಲ, 1952ರ ರಾವ್ ಅವರ ಲೇಖನವನ್ನು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. ಸರ್ಕಾರ ಖರ್ಚು ಮಾಡಿದರೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ವರಮಾನ ಹಲವು ಪಟ್ಟು ಬೆಳೆಯುತ್ತದೆ ಎಂಬುದೇ ಗುಣಕದ ಬಗ್ಗೆ ಕೇನ್ಸ್ ಅವರ ಮಾತು. ಹೊಸದಾಗಿ ಸ್ವತಂತ್ರವಾದ ದೇಶಗಳ ಅರ್ಥಮಂತ್ರಿಗಳಿಗೆ ಅದು ಎಷ್ಟು ಹಿತವಾಗಿ ಕೇಳಿಸಿರಬೇಕು! ರಾವ್ ಅದನ್ನು ಭಾರತದ ಹಳ್ಳಿಗೆ ತಂದು ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕೆಲಸವಿಲ್ಲದ ಕಾರ್ಮಿಕನ ಜೊತೆಗೆ ಸುಮ್ಮನೆ ನಿಂತ ಯಂತ್ರವೂ ಇದೆ, ಕಚ್ಚಾವಸ್ತುವೂ ಇದೆ; ಬೇಡಿಕೆ ಬಂದೊಡನೆ ಉತ್ಪಾದನೆ ಹೆಚ್ಚುತ್ತದೆ. ನಮ್ಮಲ್ಲಿ ನಿರುದ್ಯೋಗ ಮರೆಮಾಚಿದ್ದು: ನಾಲ್ವರು ಮಾಡಬಹುದಾದ ಹೊಲದ ಕೆಲಸವನ್ನು ಮನೆಯ ಆರು ಜನ ಹಂಚಿಕೊಂಡು ಮಾಡುತ್ತಾರೆ, ಯಾರೂ ತಾನು ನಿರುದ್ಯೋಗಿ ಎನ್ನುವುದಿಲ್ಲ. ರಸ್ತೆ ಕೆಲಸದಿಂದ ಕೂಲಿ ಸಿಕ್ಕರೆ ಆ ಹಣ ಮೊದಲು ಹೋಗುವುದು ಜೋಳಕ್ಕೆ. ಜೋಳದ ಬೆಳೆ ಮಳೆಯ ಮೇಲೆ ನಿಂತದ್ದು, ಬೇಡಿಕೆ ಬಂತೆಂದು ಆ ವರ್ಷ ಹೆಚ್ಚಾಗದು. ರೈತನ ಕೈಯಲ್ಲಿ ಹಣ ಓಡಾಡಿದರೆ, ಅಲ್ಲಿಯವರೆಗೆ ಅರೆಹೊಟ್ಟೆ ಉಂಡವನು ತನ್ನ ಧಾನ್ಯವನ್ನು ತಾನೇ ಸ್ವಲ್ಪ ಹೆಚ್ಚು ಉಣ್ಣುತ್ತಾನೆ. ಪೇಟೆಗೆ ಬರುವುದು ಕಡಿಮೆಯಾಗುತ್ತದೆ. ಹೀಗೆ ಗುಣಕ ಹಣದ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ವಸ್ತುವಿನ ಲೆಕ್ಕದಲ್ಲಿ ಅಷ್ಟಾಗಿ ಇಲ್ಲ. ಹೆಚ್ಚುವುದು ಬೆಲೆ. ಬಡದೇಶಕ್ಕೆ ಹೆಚ್ಚು ದುಡಿಮೆ, ಹೆಚ್ಚು ಉಳಿತಾಯ ಎಂಬ ಹಳೆಯ ಔಷಧವೇ ಈಗಲೂ ಹೆಚ್ಚು ಹೊಂದುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು.

ಇಂದಿನ ಭಾರತಕ್ಕೆ ಇದು ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಉಗ್ರಾಣಗಳಲ್ಲಿ ಧಾನ್ಯ ತುಂಬಿರುವ ವರ್ಷಗಳಲ್ಲಿ ವಾದದ ಬುಡವೇ ಬದಲಾಗುತ್ತದೆ. ಆದರೆ ಆ ಲೇಖನ ಎಲ್ಲಿಂದ ಹುಟ್ಟಿತು ನೋಡಿ. ಗ್ರಂಥಾಲಯದಲ್ಲೇ ಕುಳಿತವರಿಗೆ ರೈತ ತನ್ನ ಧಾನ್ಯವನ್ನು ತಾನೇ ಉಣ್ಣುತ್ತಾನೆ ಎಂಬ ಸಂಗತಿ ಸಿದ್ಧಾಂತದ ಪ್ರಶ್ನೆಯಾಗಿ ಹೊಳೆಯುವುದಿಲ್ಲ. ರಾಷ್ಟ್ರೀಯ ವರಮಾನದ ಲೆಕ್ಕ, ಆಹಾರ ಇಲಾಖೆಯ ಕಡತ ಎರಡನ್ನೂ ಕಂಡವರಿಗೆ ಹೊಳೆಯಿತು. ಸಾರ್ವಜನಿಕ ಕೆಲಸ ಅವರ ವಿದ್ವತ್ತನ್ನು ಕೆಡಿಸಲಿಲ್ಲ, ಅದಕ್ಕೆ ವಿಷಯ ಒದಗಿಸಿತು. ನಿಮ್ಮ ಹಿರಿಯರಿಗೆ ಈ ಉದಾಹರಣೆ ಕೊಡಿ.

ಇನ್ನು ನಿಮ್ಮ ಹಿರಿಯರ ಮಾತಿನಲ್ಲಿರುವ ಸತ್ಯ. 1952ರ ಬಳಿಕ ರಾವ್ ಬಹಳ ಬರೆದರು, ಭಾಷಣಗಳೂ ಪುಸ್ತಕಗಳೂ ಬಂದವು. ಆದರೆ ಆ ಲೇಖನದ ಎತ್ತರಕ್ಕೆ ನಿಲ್ಲುವ ಸಿದ್ಧಾಂತದ ಬರಹ ಮತ್ತೆ ಬರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ಅವರು 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಆ ನಡುವೆಯೇ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ತೆರೆದರು. 1963ರಿಂದ ಮೂರು ವರ್ಷ ಯೋಜನಾ ಆಯೋಗದ ಸದಸ್ಯರಾದರು. ದಿನಕ್ಕೆ ಎಲ್ಲರಿಗೂ ಅಷ್ಟೇ ಗಂಟೆ. ತಾವು ಬರೆಯಬಹುದಾಗಿದ್ದನ್ನು ಬಿಟ್ಟು, ಬೇರೆಯವರು ಬರೆಯಲು ಜಾಗ ಮಾಡಿಕೊಟ್ಟರು. ಆ ಜಾಗ ಎಂಥದ್ದು ಎಂದರೆ, ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ದೆಹಲಿ ಸ್ಕೂಲಿನಲ್ಲಿ ಕಲಿಸಿದರು. ರಾವ್ ಬಿಟ್ಟುಹೋದ ಮೇಲೂ 1963ರಿಂದ 1971ರವರೆಗೆ ಅಮರ್ತ್ಯ ಸೇನ್ ಅಲ್ಲಿದ್ದರು. ಮನಮೋಹನ್ ಸಿಂಗ್ 1971ರಲ್ಲಿ ಸರ್ಕಾರದ ಆರ್ಥಿಕ ಸಲಹೆಗಾರರಾಗಿ ಹೋಗುವ ಮುನ್ನ ಅಲ್ಲೇ ಪ್ರಾಧ್ಯಾಪಕರು. ಈ ವಿನಿಮಯದಲ್ಲಿ ದೇಶಕ್ಕೆ ಲಾಭವಾಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೆಲೆ ತೆತ್ತದ್ದು ರಾವ್ ಅವರ ಸ್ವಂತ ಸಂಶೋಧನೆ. ಸಾರ್ವಜನಿಕ ಬದುಕಿಗೆ ಇಳಿಯುವ ಪ್ರಾಧ್ಯಾಪಕರು ಈ ಬೆಲೆಯನ್ನು ಮೊದಲೇ ತಿಳಿದಿರಬೇಕು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಬಳ್ಳಾರಿಯ ವಿಚಾರ. 1967ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು, 1971ರಲ್ಲಿ ಮತ್ತೆ ಗೆದ್ದರು. ಮೊದಲು ಸಾರಿಗೆ ಮತ್ತು ಹಡಗು ಖಾತೆ, 1969ರಿಂದ 1971ರವರೆಗೆ ಶಿಕ್ಷಣ ಮತ್ತು ಯುವಜನ ಸೇವೆ. ಸಾರಿಗೆಯ ಎರಡು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಶಿಕ್ಷಣ ಸಚಿವರಾಗಿ, ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ (ಎನ್‌ಎಸ್‌ಎಸ್) ಚಾಲನೆ ಕೊಟ್ಟರು. ನಿಮ್ಮ ಕಾಲೇಜಿನಲ್ಲೂ ಎನ್‌ಎಸ್‌ಎಸ್ ಘಟಕ ಇದ್ದೇ ಇರುತ್ತದೆ. ಶಿಬಿರಕ್ಕೆಂದು ಹಳ್ಳಿಗೆ ಹೋಗುವ ನಿಮ್ಮ ವಿದ್ಯಾರ್ಥಿಗಳು ಬಳ್ಳಾರಿಯ ಒಬ್ಬ ಸಂಸದರು ಆರಂಭಿಸಿದ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ ಎಂದು ಅವರಿಗೆ ತಿಳಿಸಿ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯೂ 1969ರದೇ. ಅದಕ್ಕೆ ದಾರಿ ಮಾಡಿದ್ದು ಯೋಜನಾ ಆಯೋಗ ನೇಮಿಸಿದ್ದ ಸಮಿತಿ. ಅದರ ಅಧ್ಯಕ್ಷರೂ ಇವರೇ.

1971ರ ಚುನಾವಣೆಯ ಬಳಿಕ ಅವರು ಮಂತ್ರಿಯಾಗಲಿಲ್ಲ. ಅಧಿಕಾರ ಹೋದ ಮೇಲೆ ರಾಜಕಾರಣಿ ಏನು ಮಾಡುತ್ತಾನೆ ಎಂಬುದು ನಮಗೆಲ್ಲ ಗೊತ್ತು. ಅರವತ್ತಮೂರರ ಈ ಮನುಷ್ಯ ಮಾಡಿದ್ದು ಇನ್ನೊಂದು ಸಂಸ್ಥೆ ಕಟ್ಟುವ ಕೆಲಸ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಹುಟ್ಟಿತು, ಎಲ್ಲರೂ ಐಸೆಕ್ ಎನ್ನುವ, ಈಗ ನಾಗರಭಾವಿಯಲ್ಲಿರುವ ಸಂಸ್ಥೆ. ರಾವ್ ಅದರ ಮೊದಲ ನಿರ್ದೇಶಕರು. ಹೆಸರಿನಲ್ಲೇ ಸಮಾಜ ಮೊದಲು ಬಂದದ್ದು ಯೋಚಿಸಿ ಮಾಡಿದ್ದು: ಬದಲಾವಣೆಯನ್ನು ಅರ್ಥಶಾಸ್ತ್ರಜ್ಞರೊಬ್ಬರೇ ಅರಿಯಲಾರರು ಎಂಬುದು ಅವರ ಹಳೆಯ ನಿಲುವು. ದೆಹಲಿ ಸ್ಕೂಲಿನಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಲು ಮೈಸೂರಿನ ಎಂ.ಎನ್. ಶ್ರೀನಿವಾಸ್ 1959ರಲ್ಲಿ ಬಂದಾಗ ರಾವ್ ದೆಹಲಿ ವಿಶ್ವವಿದ್ಯಾಲಯದ ಕುಲಪತಿ. ಅದೇ ಶ್ರೀನಿವಾಸ್ 1972ರಲ್ಲಿ ದೆಹಲಿ ಬಿಟ್ಟು ಐಸೆಕ್‌ಗೆ ಜಂಟಿ ನಿರ್ದೇಶಕರಾಗಿ ಬಂದರು. ಜಾತಿ, ಗ್ರಾಮ, ಜನಸಂಖ್ಯೆ, ಕೃಷಿ ಎಲ್ಲವನ್ನೂ ಒಂದೇ ಸೂರಿನಡಿ ಅಧ್ಯಯನ ಮಾಡುವ ಸಂಸ್ಥೆ ಕರ್ನಾಟಕಕ್ಕೆ ಸಿಕ್ಕಿದ್ದು ಹೀಗೆ. ರಾವ್ ಅವರಿಗೆ 1974ರಲ್ಲಿ ಪದ್ಮವಿಭೂಷಣ ಬಂತು. 1991ರ ಜುಲೈನಲ್ಲಿ ತೀರಿಕೊಂಡರು.

ಅವರ ಹುದ್ದೆಗಳಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ಮಂತ್ರಿಸ್ಥಾನವನ್ನು ನಾನು ಕೊನೆಯಲ್ಲಿಡುತ್ತೇನೆ. ಸಂಸದರಾಗದೆಯೇ ಅವರ ಮುಕ್ಕಾಲು ಪಾಲು ಸಾರ್ವಜನಿಕ ಕೆಲಸ ನಡೆದಿತ್ತು.

ನಮ್ಮ ರಾಜ್ಯದೊಳಗೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ, ನಿಮ್ಮ ಭಾಗದವರಿಗೆ ಅದು ದಿನಬಳಕೆಯ ಮಾತು: ನಂಜುಂಡಪ್ಪ ವರದಿ. ಡಿ.ಎಂ. ನಂಜುಂಡಪ್ಪ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದವರು, ಮುಂದೆ ಅಲ್ಲಿಯೂ ಬೆಂಗಳೂರಿನಲ್ಲೂ ಕುಲಪತಿಗಳಾದವರು, ರಾಜ್ಯ ಯೋಜನಾ ಮಂಡಳಿಯಲ್ಲಿ ದುಡಿದವರು. 2002ರಲ್ಲಿ ಅವರ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟಿತು. ಅಲ್ಲಿಯವರೆಗೆ ‘ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ’ ಎಂಬುದು ಭಾಷಣದ ಮಾತು. ನಂಜುಂಡಪ್ಪ 35 ಸೂಚಕಗಳನ್ನು ತೆಗೆದುಕೊಂಡು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದರು. 114 ತಾಲ್ಲೂಕುಗಳು ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ದಕ್ಷಿಣದಲ್ಲೂ ಹಿಂದುಳಿದ ತಾಲ್ಲೂಕುಗಳಿವೆ ಎಂದು ಅದೇ ಅಳತೆ ತೋರಿಸಿತು. ಆದ್ದರಿಂದ ವರದಿಯನ್ನು ಒಂದು ಭಾಗದ ಪಕ್ಷಪಾತ ಎಂದು ತಳ್ಳಿಹಾಕಲು ಯಾರಿಗೂ ಆಗಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಗೆ ಅದು ಶಿಫಾರಸು ಮಾಡಿತು. ಹಣ ಬಿಡುಗಡೆ, ಖರ್ಚು ಎರಡರ ಬಗ್ಗೆಯೂ ದೂರುಗಳು ಇಂದಿಗೂ ಇವೆ, ನ್ಯಾಯವಾದ ದೂರುಗಳು. ಆದರೆ ಇವತ್ತು ದೇವದುರ್ಗದ ಪಂಚಾಯಿತಿ ಸದಸ್ಯರೂ ತಮ್ಮ ತಾಲ್ಲೂಕು ಯಾವ ವರ್ಗಕ್ಕೆ ಸೇರಿದೆ ಎಂದು ಹೇಳಿ ಹಕ್ಕಿನಿಂದ ಕೇಳಬಲ್ಲರು. ಒಬ್ಬ ಪ್ರಾಧ್ಯಾಪಕನ ಕೋಷ್ಟಕ ಜನರ ಕೈಗೆ ಸಿಕ್ಕಿದ ಬಗೆ ಇದು. ಎರಡು ದಶಕಗಳ ನಂತರ ಅದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಲು ಸರ್ಕಾರ ಸಮಿತಿ ರಚಿಸಿದಾಗ ಅಧ್ಯಕ್ಷರಾದ ಎಂ. ಗೋವಿಂದ ರಾವ್ ಹಿಂದೆ ಐಸೆಕ್‌ನ ನಿರ್ದೇಶಕರಾಗಿದ್ದವರು.

ಈಗ ನಿಮ್ಮ ಮಾತು. ಸರ್ಕಾರಿ ಕಾಲೇಜಿನ ಅಧ್ಯಾಪಕರು ಸರ್ಕಾರಿ ನೌಕರರು. ನಡತೆ ನಿಯಮಗಳ ಪ್ರಕಾರ ಪಕ್ಷದ ಸದಸ್ಯತ್ವ, ಚುನಾವಣಾ ಪ್ರಚಾರ ಎರಡೂ ನಿಮಗೆ ನಿಷಿದ್ಧ. ಪತ್ರಿಕೆಗೆ ಬರೆಯುವ ಬಗ್ಗೆಯೂ ನಿಯಮಗಳಿವೆ, ಸರ್ಕಾರದ ನೀತಿಯನ್ನು ಟೀಕಿಸುವಲ್ಲಿ ಮಿತಿಗಳಿವೆ. ಬರೆಯುವ ಮುನ್ನ ಆ ನಿಯಮಗಳನ್ನು ನೀವೇ ಓದಿ, ಅನುಮತಿ ಬೇಕಾದಲ್ಲಿ ಲಿಖಿತವಾಗಿ ಪಡೆಯಿರಿ. ಯಾರೋ ‘ಪರವಾಗಿಲ್ಲ’ ಎಂದರು ಎಂಬುದನ್ನು ನಂಬಬೇಡಿ.

ಆದರೆ ಅಳೆಯುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಬಳ್ಳಾರಿಯಲ್ಲಿದ್ದು ಅದಕ್ಕೆ ವಿಷಯ ಹುಡುಕಬೇಕಾಗಿಲ್ಲ. 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಗಣಿಗುತ್ತಿಗೆದಾರರು ರಾಯಲ್ಟಿಯ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ಹಣ) ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕೊಡಬೇಕು: ಹಳೆಯ ಗುತ್ತಿಗೆಗಳಲ್ಲಿ ರಾಯಲ್ಟಿಯ ಶೇ 30, ಹರಾಜಿನ ಹೊಸ ಗುತ್ತಿಗೆಗಳಲ್ಲಿ ಶೇ 10. ಗಣಿಗಾರಿಕೆಯಿಂದ ತೊಂದರೆಗೊಳಗಾದ ಜನರಿಗಾಗಿ ಇರುವ ಹಣ ಅದು. ಸಂಡೂರಿನ ಒಂದು ಹಳ್ಳಿಗೆ ಅದರಲ್ಲಿ ಏನು ಬಂತು? ಬಂದದ್ದು ಕಟ್ಟಡವೋ, ಕುಡಿಯುವ ನೀರೋ, ಶಾಲೆಯ ಶಿಕ್ಷಕರೋ? ಅದಿರಿನ ಲಾರಿ ಓಡಾಡುವ ರಸ್ತೆಬದಿಯ ಹೊಲದ ಇಳುವರಿ, ಒಳಗಿನ ಹೊಲದ ಇಳುವರಿ ಒಂದೇ ಆಗಿದೆಯೇ? ಗಣಿ ಇರುವ ಜಿಲ್ಲೆಯ ತಲಾ ವರಮಾನ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ದೊಡ್ಡದಾಗಿ ಕಾಣಬಹುದು. ಅದಿರಿನ ಬೆಲೆಯಲ್ಲಿ ಎಷ್ಟು ಪಾಲು ಆ ಜಿಲ್ಲೆಯ ಮನೆಗಳಿಗೆ ತಲುಪುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. 1931–32ರ ಭಾರತದ ಮುಂದೆ ಕುಳಿತ ರಾವ್ ಅವರಿಗೆ ಇದ್ದ ತೊಡಕೇ ಇದು, ಸಣ್ಣ ಪ್ರಮಾಣದಲ್ಲಿ.

ಒಂದು ಗ್ರಾಮ ಪಂಚಾಯಿತಿಯನ್ನು ಆರಿಸಿಕೊಳ್ಳಿ. ಎನ್‌ಎಸ್‌ಎಸ್ ಶಿಬಿರವನ್ನು ಅಲ್ಲೇ ನಡೆಸಿ, ವಿದ್ಯಾರ್ಥಿಗಳಿಗೆ ಮನೆಮನೆಯ ಪ್ರಶ್ನಾವಳಿ ಕೊಡಿ, ಮುಂದಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಕಳಿಸಿ. ಪ್ರತಿಷ್ಠಾನದ ಖರ್ಚಿನ ವಿವರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಫಲಿತಾಂಶವನ್ನು ಮೊದಲು ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ. ತಪ್ಪಿದ್ದರೆ ಅಲ್ಲಿನವರು ತಿದ್ದುತ್ತಾರೆ. ಆಮೇಲೆ ಪತ್ರಿಕೆಗೆ, ಆಮೇಲೆ ಸಂಶೋಧನಾ ಲೇಖನಕ್ಕೆ. ವಾರದ ಎರಡು ಬೆಳಗುಗಳನ್ನು ಮಾತ್ರ ಯಾರಿಗೂ, ಯಾವ ಸಭೆಗೂ ಕೊಡದೆ ಓದಿಗೆ ಇಟ್ಟುಕೊಳ್ಳಿ. ಮೂರು ವರ್ಷದ ಅಂಕಿ ಕೈಯಲ್ಲಿದ್ದಾಗ ಜಿಲ್ಲಾ ಯೋಜನಾ ಸಮಿತಿಯವರಿಗೆ ನೀವೇ ಒಂದು ಪ್ರತಿ ಕಳಿಸಿ, ಅವರು ಕರೆಯುವವರೆಗೆ ಕಾಯಬೇಡಿ.